ಮಿನಿಯಾಪೊಲಿಸ್ ಚಳಿಯಲ್ಲಿ ಕುಂಡದ ನಿಂಬೆ

ಇಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ಜನವರಿಯಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ರಾತ್ರಿಗಳು ಇದ್ದೇ ಇರುತ್ತವೆ. ಆದರೂ ನಮ್ಮ ಚಿತ್ರಾನ್ನಕ್ಕೆ ಮನೆಯದೇ ನಿಂಬೆಹಣ್ಣು. ನನ್ನದು ಮೇಯರ್ ನಿಂಬೆ. ಫ್ರಾಂಕ್ ಮೇಯರ್ ಎಂಬವರು 1908ರಲ್ಲಿ ಚೀನಾದಿಂದ ಅಮೆರಿಕಕ್ಕೆ ತಂದ ತಳಿ. ಊರಿನ ನಿಂಬೆಯಷ್ಟು ಹುಳಿ ಇಲ್ಲ, ಸಿಪ್ಪೆ ಮಾತ್ರ ಘಮ್ ಅನ್ನುತ್ತದೆ. ಕಸಿ ಗಿಡವನ್ನೇ ತನ್ನಿ. ಬೀಜದ ಗಿಡ ವರ್ಷಗಟ್ಟಲೆ ಕಾಯಿಸುತ್ತದೆ.

ಕುಂಡದ ತಳದಲ್ಲಿ ತೂತು ಇರಲೇಬೇಕು. ಮೊದಲ ಗಿಡಕ್ಕೆ ನಾನು ಪ್ರೀತಿ ಜಾಸ್ತಿಯಾಗಿ ದಿನಾ ನೀರು ಹಾಕಿ ಬೇರು ಕೊಳೆಸಿದೆ. ಈಗ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ತೂರಿಸಿ ನೋಡುತ್ತೇನೆ. ಒಣಗಿದ್ದರೆ ಮಾತ್ರ ನೀರು, ತಳದಿಂದ ಸೋರುವಷ್ಟು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ.

ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಹೊತ್ತಿಗೆ ಗಿಡ ಒಳಗಿರಬೇಕು. ತರುವ ಮೊದಲು ಎಲೆಗಳ ಅಡಿಯನ್ನು ಸೋಪುನೀರಿನಲ್ಲಿ ಒರೆಸಿ, ಹುಳುಗಳು ಅಲ್ಲೇ ಅಂಟಿಕೊಂಡಿರುತ್ತವೆ. ದಕ್ಷಿಣದ ಕಿಟಕಿ ಒಳ್ಳೆಯದು, ಹೀಟರ್ ಗಾಳಿ ತಾಗಬಾರದು. ಬಿಸಿಲು ಸಾಲದಿದ್ದರೆ ದಿನಕ್ಕೆ 12 ಗಂಟೆ ಎಲ್‌ಇಡಿ ದೀಪ ಹಚ್ಚಿ.

ಹೊರಗೆ ಹಿಮ ಬೀಳುವಾಗ ಒಳಗೆ ಹೂ ಬಿಡುತ್ತದೆ. ಜೇನುಹುಳ ಎಲ್ಲಿಂದ ಬರಬೇಕು, ಅಲ್ವಾ? ಮಗಳ ಪೇಂಟಿಂಗ್ ಬ್ರಷ್‌ನಿಂದ ಹೂವಿಂದ ಹೂವಿಗೆ ಮೆಲ್ಲಗೆ ಸವರುತ್ತೇನೆ. ಬ್ರಷ್ ತುದಿ ಹಳದಿಯಾದರೆ ಪರಾಗ ಹತ್ತಿದೆ ಅಂತ ಲೆಕ್ಕ.

ಮೇ ಕೊನೆಗೆ ಹೊರಗಿಡಿ. ಮೊದಲ ವಾರ ನೆರಳಲ್ಲಿ, ಇಲ್ಲಾಂದ್ರೆ ಎಲೆ ಸುಟ್ಟುಹೋಗುತ್ತದೆ.