ಊದಿದ ಬ್ಯಾಟರಿಗೂ ವಾರಂಟಿ ಸಿಕ್ಕಿತು

ಲ್ಯಾಪ್‌ಟಾಪಿನ ಊದಿದ ಬ್ಯಾಟರಿಗೆ ವಾರಂಟಿ ಸಿಗಲ್ಲ, ಫಿಸಿಕಲ್ ಡ್ಯಾಮೇಜ್ ಅಂತ ಬರೆದು ವಾಪಸ್ ಕೊಡ್ತಾರೆ ಎಂದು ಶಿವಮೊಗ್ಗದ ದುರ್ಗಿಗುಡಿಯ ರಿಪೇರಿ ಗೆಳೆಯರೆಲ್ಲ ಹೇಳಿದ್ದರು. ತೀರ್ಥಹಳ್ಳಿಯ ನನ್ನ ಅಂಗಡಿಯಲ್ಲಿ ಕೂತೇ ಈ ಮಳೆಗಾಲದಲ್ಲಿ ವಾರಂಟಿಯ ಹೊಸ ಬ್ಯಾಟರಿ ಪಡೆದೆ, ಪುಕ್ಕಟೆ.

ಮೊದಲು ಎರಡು ಸಲ ಸೋತಿದ್ದೆ. ಒಂದು ಅಡಿಕೆ ವ್ಯಾಪಾರಿಯೊಬ್ಬರದು. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿರಲಿಲ್ಲ, ಊದಿದ ಬ್ಯಾಟರಿ ಅಡಿಯಿಂದ ಒತ್ತುತ್ತಿತ್ತು. ಆತುರಕ್ಕೆ ಅಡಿಯ ಕವರ್ ಬಿಚ್ಚಿ ಬ್ಯಾಟರಿ ತೆಗೆದು ಶಿವಮೊಗ್ಗದ ಕಂಪನಿ ಸರ್ವಿಸ್ ಸೆಂಟರಿಗೆ ಒಯ್ದೆ. ಸ್ಕ್ರೂ ಮೇಲಿನ ಗೀರು ನೋಡಿಯೇ 'ಹೊರಗೆ ಬಿಚ್ಚಿದ್ದಾರೆ' ಎಂದು ಬರೆದರು. ಬಿಚ್ಚಿದವನು ನಾನು, ಹಾಗಾಗಿ ಹೊಸದಕ್ಕೆ ಆರೂವರೆ ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಯಿತು. ಎರಡನೆಯದನ್ನು ಬಿಚ್ಚಲಿಲ್ಲ, ಕಂಪನಿಯವರು ಬೆಂಗಳೂರಿಗೆ ಕಳಿಸಿ ಅಂದರು. ಊದಿದೆ ಎಂದು ನಿಜ ಹೇಳಿದೆ, ಯಾವ ಕೊರಿಯರ್‌ನವರೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಲೂಬಾರದು, ಊದಿದ್ದು ದಾರಿಯಲ್ಲಿ ಹೊತ್ತಿಕೊಳ್ಳಬಹುದು. ಓಡಾಡುವುದರಲ್ಲೇ ವರ್ಷ ತುಂಬಿತು. ಲ್ಯಾಪ್‌ಟಾಪಿಗೆ ಮೂರು ವರ್ಷ ಇದ್ದರೂ ಬ್ಯಾಟರಿಗೆ ಸಾಮಾನ್ಯವಾಗಿ ಒಂದೇ ವರ್ಷ, ಗಿರಾಕಿಗಳಿಗೆ ಇದು ಗೊತ್ತಿರುವುದಿಲ್ಲ.

ಮೂರನೆಯದು ಒಬ್ಬ ಟೀಚರ್ ತಂದದ್ದು, ಕೊಂಡ ಹನ್ನೊಂದನೇ ತಿಂಗಳಲ್ಲಿ. ಸ್ಕ್ರೂಡ್ರೈವರ್ ಕೈಗೇ ತೆಗೆದುಕೊಳ್ಳಲಿಲ್ಲ. ಆಫ್ ಮಾಡಿ, ಚಾರ್ಜರ್ ಕಿತ್ತು, ಹಿಂದಿನ ಸಿಮೆಂಟು ನೆಲದಲ್ಲಿ ಮರಳಿನ ತಟ್ಟೆಯ ಮೇಲಿಟ್ಟೆ. ಮಳೆಗಾಲದಲ್ಲಿ ಒಣ ಮರಳು ಎಲ್ಲಿ ಸಿಗಬೇಕು? ಮೊದಲೇ ಬಾಣಲೆಯಲ್ಲಿ ಹುರಿದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಅದಕ್ಕೂ ಮುಂಚೆ ಕಡಪ ಕಲ್ಲಿನ ಮೇಲಿಟ್ಟು ಫೋಟೋ ತೆಗೆದೆ: ಒಂದು ಮೂಲೆ ಎದ್ದು ಅಡಿಯಲ್ಲಿ ಐದು ರೂಪಾಯಿ ನಾಣ್ಯ ಸಲೀಸಾಗಿ ತೂರುತ್ತಿತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ. ಎರಡು ತಿಂಗಳ ಹಿಂದೆ ವಿಂಡೋಸ್ ಹಾಕಿಕೊಟ್ಟಾಗ ತೆಗೆದಿಟ್ಟ ಬ್ಯಾಟರಿ ರಿಪೋರ್ಟ್ ಕೂಡ ಇತ್ತು. 50 ವ್ಯಾಟ್-ಅವರ್ ಹಿಡಿಯಬೇಕಾದದ್ದು 38ರ ಆಸುಪಾಸಿಗೆ ಇಳಿದಿತ್ತು, ಸೈಕಲ್ (ಒಂದು ಪೂರ್ತಿ ಚಾರ್ಜಿನಷ್ಟು ಬಳಕೆ) ನೂರೂ ಆಗಿರಲಿಲ್ಲ.

ಬಿಲ್ ಟೀಚರ್ ಹೆಸರಲ್ಲಿತ್ತು, ಕಂಪನಿಗೆ ಇ-ಮೇಲನ್ನೂ ಅವರಿಂದಲೇ ಹಾಕಿಸಿದೆ. 'ಸಾಗಿಸುವಂತಿಲ್ಲ, ಇಲ್ಲಿಗೇ ಬನ್ನಿ. ಆಗಲ್ಲ ಅಂದರೆ ಕಾರಣ ಬರೆದು ಕೊಡಿ' ಎಂದು ಕೇಳಿದೆವು. ಮೊದಲ ಸಾಲು ಏನಿತ್ತು, ಯಾರ್ಯಾರಿಗೆ ಪ್ರತಿ ಹೋಯಿತು ಎನ್ನುವುದು ನನ್ನ ಅಂಗಡಿಯ ಗುಟ್ಟು, ಅದನ್ನು ಬರೆಯುವುದಿಲ್ಲ. 'ಫಿಸಿಕಲ್ ಡ್ಯಾಮೇಜ್' ಎಂಬ ಉತ್ತರ ಬಂತು. ಪೆಟ್ಟು ಎಲ್ಲಿ ಬಿದ್ದಿದೆ, ಫೋಟೋದಲ್ಲಿ ಗುರುತು ಹಾಕಿ ತೋರಿಸಿ ಅಂದೆವು. ನಾಲ್ಕು ದಿನ ಸದ್ದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಕಂಪನಿಯವರೇ ಫೋನ್ ಮಾಡಿದರು. ಒಂಬತ್ತನೇ ದಿನವೋ ಹತ್ತನೇ ದಿನವೋ ಶಿವಮೊಗ್ಗದಿಂದ ಹುಡುಗ ಬಂದ, ಬ್ಯಾಟರಿ ಜೊತೆಗೆ ಟಚ್‌ಪ್ಯಾಡನ್ನೂ ಬದಲಾಯಿಸಿ ಹೋದ. ಅಂಗಡಿಗೆ ನಾನು ತೆಗೆದುಕೊಂಡದ್ದು ಮುನ್ನೂರು.

ಬ್ಯಾಟರಿ ಬೇಗ ಕೆಡದಂತೆ ನೋಡಿಕೊಳ್ಳಲು ಇನ್ನೊಂದು ಪ್ರಯೋಗವೂ ನಡೆದಿದೆ. ಕರೆಂಟು ಯಾವಾಗ ಹೋಗುತ್ತೋ ಎಂದು ನಮ್ಮ ಕಡೆಯವರು ಚಾರ್ಜರ್ ಕೀಳುವುದೇ ಇಲ್ಲ, ಬ್ಯಾಟರಿ ದಿನವಿಡೀ ಶೇಕಡಾ ನೂರರಲ್ಲೇ ಬಿಸಿಯಾಗಿ ಕೂತಿರುತ್ತದೆ. ಒಂದೇ ಮಾದರಿಯ ಎರಡರಲ್ಲಿ ಒಂದಕ್ಕೆ ಚಾರ್ಜ್ 80ಕ್ಕೇ ನಿಲ್ಲುವ ಮಿತಿ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟೆ. ಎಂಟು ತಿಂಗಳಿಗೆ ಮಿತಿ ಹಾಕಿದ್ದರ ಸಾಮರ್ಥ್ಯ ಹೊಸದರ ಶೇಕಡಾ 94ರ ಸುಮಾರಿನಲ್ಲಿದೆ, ಇನ್ನೊಂದು 85ಕ್ಕೆ ಬಂದಿದೆ. ಈಗ ಮರಳಿನ ತಟ್ಟೆಯ ಮೇಲೆ ಕೊಪ್ಪದವರ ಒಂದು ಲ್ಯಾಪ್‌ಟಾಪ್ ಇದೆ, ಹತ್ತನೇ ತಿಂಗಳು. ಬೆಳಿಗ್ಗೆಯೇ ಮೇಲ್ ಹೋಗಿದೆ.