ಇಂಧನ ಕಂಪನಿ ಸ್ವಾಧೀನಕ್ಕೆ ಸರ್ಕಾರ ಅಡ್ಡ ಬಂದಾಗ: ಆ ತಡೆಯ ಬಲ ಅಳೆಯುವುದು ಹೇಗೆ

ತೈಲ, ಅನಿಲ ಅಥವಾ ವಿದ್ಯುತ್ ಕಂಪನಿಯನ್ನು ಹೊರಗಿನವರು ಕೊಳ್ಳಲು ಬಂದರೆ ಮೊದಲು ಕೇಳಿಬರುವುದು ಮಂತ್ರಿಗಳ ಹೇಳಿಕೆ. ಅದನ್ನು ಬದಿಗಿಟ್ಟು ಕಾನೂನಿನ ಪ್ರತಿಯನ್ನು ಹುಡುಕಿ. ನೀವು ಷೇರುದಾರರಾಗಿರಲಿ, ಸುದ್ದಿ ಬರೆಯುವವರಾಗಿರಲಿ, ಕೆಲಸ ಶುರುವಾಗುವುದು ಅಲ್ಲಿಂದಲೇ.

ಮೊದಲು ತಾರೀಖು ನೋಡಿ. ತಡೆಯುವ ಅಧಿಕಾರ ಬಿಡ್‌ಗಿಂತ, ಅಂದರೆ ಕೊಳ್ಳುವ ಪ್ರಸ್ತಾಪಕ್ಕಿಂತ, ಮುಂಚೆಯೇ ಇತ್ತೇ? ಆಸ್ಟ್ರೇಲಿಯಾದಲ್ಲಿ ಇತ್ತು. ಅಲ್ಲಿನ ತೈಲ-ಅನಿಲ ಕಂಪನಿ ವುಡ್‌ಸೈಡ್‌ನಲ್ಲಿ ಆಗಲೇ ಶೇ 34ರಷ್ಟು ಪಾಲು ಹೊಂದಿದ್ದ ಶೆಲ್, ಪೂರ್ತಿ ಹಿಡಿತಕ್ಕೆ ಮುಂದಾದಾಗ ಖಜಾನೆ ಸಚಿವ ಪೀಟರ್ ಕಾಸ್ಟೆಲೊ 1975ರ ವಿದೇಶಿ ಸ್ವಾಧೀನ ಕಾಯ್ದೆಯಡಿ 2001ರ ಏಪ್ರಿಲ್‌ನಲ್ಲಿ ನಿರಾಕರಿಸಿದರು. ಮಾತು ಅಲ್ಲಿಗೇ ಮುಗಿಯಿತು. ಸ್ಪೇನ್‌ನಲ್ಲಿ ಆದದ್ದು ಬೇರೆ. ಎಂಡೆಸಾ ವಿದ್ಯುತ್ ಕಂಪನಿಗೆ ಜರ್ಮನಿಯ ಇ.ಆನ್ 2006ರ ಫೆಬ್ರುವರಿ 21ರಂದು ಬಿಡ್ ಘೋಷಿಸಿತು; ಸ್ಪೇನ್‌ನ ಇಂಧನ ನಿಯಂತ್ರಣ ಆಯೋಗದ ಅಧಿಕಾರ ಹಿಗ್ಗಿಸುವ ಸುಗ್ರೀವಾಜ್ಞೆ ಬಂದದ್ದು 24ರಂದು. ಹೀಗೆ ಆತುರದಲ್ಲಿ ಮಾಡಿದ ಕಾನೂನು ಒಬ್ಬ ಖರೀದಿದಾರನನ್ನು ಗುರಿಯಾಗಿಸಿದ್ದೆಂಬ ಆಕ್ಷೇಪಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತದೆ.

ಆಮೇಲೆ, ಕಾನೂನು ಕಾಯುತ್ತಿರುವುದು ಏನನ್ನು ಎಂದು ಓದಿ: ಷೇರನ್ನೋ, ಕೊಳವೆಮಾರ್ಗವನ್ನೋ? 2002ರ ಜೂನ್ 4ರಂದು ಐರೋಪ್ಯ ನ್ಯಾಯಾಲಯ ಕೊಟ್ಟ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ತನ್ನ ತೈಲ ಕಂಪನಿ ಎಲ್ಫ್ ಅಕಿಟೇನ್‌ನಲ್ಲಿ ಯಾರ ಪಾಲು ಹತ್ತನೇ ಒಂದು, ಐದನೇ ಒಂದು, ಮೂರನೇ ಒಂದು ಭಾಗ ದಾಟಿದರೂ ಮಂತ್ರಿಯ ಪೂರ್ವಾನುಮತಿ ಬೇಕೆಂದಿತ್ತು ಫ್ರಾನ್ಸ್. ಯಾವ ಆಧಾರದ ಮೇಲೆ ಎಂದು ಹೇಳಿರಲಿಲ್ಲ. ಅದು ಬಿದ್ದುಹೋಯಿತು. ಬೆಲ್ಜಿಯಂ ಅನಿಲ ಕೊಳವೆಗಳಂಥ ನಿರ್ದಿಷ್ಟ ಆಸ್ತಿಯ ಪರಭಾರೆಗೆ ಮಾತ್ರ ಆಕ್ಷೇಪಿಸುವ ಹಕ್ಕು ಇಟ್ಟುಕೊಂಡಿತ್ತು. ಅದಕ್ಕೆ 21 ದಿನಗಳ ಗಡುವು, ಲಿಖಿತ ಕಾರಣ, ಕೋರ್ಟಿನಲ್ಲಿ ಪ್ರಶ್ನಿಸುವ ಅವಕಾಶ ಇದ್ದವು. ಅದು ಉಳಿಯಿತು.

ಇಲ್ಲಿಯೇ ಬಹಳಷ್ಟು ಮಂದಿ ಎಡವುವುದು. ಕೋರ್ಟಿನಲ್ಲಿ ನಿಲ್ಲದ ತಡೆ ಮಾರುಕಟ್ಟೆಯಲ್ಲೂ ಸೋಲುತ್ತದೆ ಎಂದುಕೊಳ್ಳಬೇಡಿ. ಸರ್ಕಾರಕ್ಕೆ ಬೇಕಾಗುವುದು ಹಲವು ಸಲ ಬರೀ ಕಾಲಾವಕಾಶ. ಸ್ಪೇನ್‌ನ ಆ ನಿಯಂತ್ರಣ ಆಯೋಗ 2006ರ ಜುಲೈನಲ್ಲಿ ಇ.ಆನ್‌ಗೆ 19 ಷರತ್ತು ಹಾಕಿತು. ಎಂಡೆಸಾದ ದ್ವೀಪಗಳಲ್ಲಿನ ವಿದ್ಯುತ್ ಸ್ಥಾವರಗಳನ್ನು ಮಾರಬೇಕೆಂಬುದೂ ಅದರಲ್ಲಿತ್ತು. ಅವು ಐರೋಪ್ಯ ನಿಯಮಕ್ಕೆ ವಿರುದ್ಧ ಎಂದು ಐರೋಪ್ಯ ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ಸೆಪ್ಟೆಂಬರ್‌ನಲ್ಲಿ ಹೇಳುವಷ್ಟರಲ್ಲಿ ಸ್ಪೇನ್‌ನದೇ ಕಂಪನಿ ಆಕ್ಸಿಯೋನಾ ಎಂಡೆಸಾದ ಶೇ 10ರಷ್ಟು ಷೇರು ಎತ್ತಿಕೊಂಡಿತ್ತು. ಬಳಿಕ ಇಟಲಿಯ ವಿದ್ಯುತ್ ಕಂಪನಿ ಎನೆಲ್ ಅದರ ಜೊತೆ ಸೇರಿತು. ಷೇರಿಗೆ 27.50 ಯೂರೊದಿಂದ 40ಕ್ಕೆ ಬಿಡ್ ಏರಿಸಿದರೂ ಇ.ಆನ್ 2007ರ ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು. ಸ್ಪೇನ್ ತಪ್ಪು ಮಾಡಿದೆ ಎಂಬ ತೀರ್ಪು ಬಂದದ್ದು 2008ರ ಮಾರ್ಚ್‌ನಲ್ಲಿ. ಹಾಗಾಗಿ ಷರತ್ತುಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದರ ಮುಂದೆ ಅದು ಎಷ್ಟು ತಿಂಗಳು ತಿನ್ನುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಷೇರುದಾರರ ಪಟ್ಟಿಯನ್ನೂ ಕಣ್ಣಲ್ಲಿಡಿ. ಹಂಗರಿಯ ತೈಲ ಕಂಪನಿ ಮೋಲ್, ತನ್ನನ್ನು ಕೊಳ್ಳಲು ಬಂದ ಆಸ್ಟ್ರಿಯಾದ ತೈಲ ಕಂಪನಿ ಓಎಂವಿಯನ್ನು ದೂರವಿಡಲು ತಾನು ಮರುಖರೀದಿಸಿದ ಷೇರುಗಳನ್ನು ಬ್ಯಾಂಕುಗಳಿಗೆ ಎರವಲು ಕೊಟ್ಟಿತ್ತು. ಒಬ್ಬ ಷೇರುದಾರನಿಗೆ ಶೇ 10ಕ್ಕಿಂತ ಹೆಚ್ಚು ಮತವಿಲ್ಲ ಎಂಬ ಮಿತಿಯೂ ಅದರ ನಿಯಮಾವಳಿಯಲ್ಲಿತ್ತು. ಇಂಥ ಸ್ವಾಧೀನ ಕಷ್ಟವಾಗಿಸಲು ಹಂಗರಿಯ ಸಂಸತ್ತು 2007ರಲ್ಲಿ ತಂದ ಕಾನೂನು ಇವುಗಳ ಮೇಲಿನ ಇನ್ನೊಂದು ಬೇಲಿ.

ಕೊನೆಗೆ ಲೆಕ್ಕ. ಬಿಡ್‌ಗೆ ಮುಂಚಿನ ಬೆಲೆ 70, ಬಿಡ್ ಬೆಲೆ 100, ಇವತ್ತಿನ ಬೆಲೆ 85 ಎಂದುಕೊಳ್ಳಿ. 85ರಿಂದ 70 ಕಳೆದರೆ 15. ಅದನ್ನು 100 ಮತ್ತು 70ರ ಅಂತರವಾದ 30ರಿಂದ ಭಾಗಿಸಿದರೆ ಅರ್ಧ. ಅಂದರೆ ವ್ಯವಹಾರ ನಡೆಯುವ ಸಾಧ್ಯತೆ ಶೇ 50 ಎಂದು ಪೇಟೆ ಅಂದಾಜಿಸಿದೆ. ಲೆಕ್ಕ ಎರಡು ಕಡೆ ಕೈಕೊಡುತ್ತದೆ. ಈ ನಡುವೆ ಕಚ್ಚಾತೈಲದ ದರ ಏರಿಳಿದಿದ್ದರೆ ಹಳೆಯ 70 ಸರಿಯಾದ ತಳವಲ್ಲ. ಅದೇ ವಲಯದ ಬೇರೆ ಕಂಪನಿಗಳ ಬೆಲೆ ನೋಡಿ ತಿದ್ದಿಕೊಳ್ಳಿ. ಷೇರು 100ನ್ನು ದಾಟಿದ್ದರೆ ಪೇಟೆ ಇನ್ನೊಬ್ಬ ಖರೀದಿದಾರನನ್ನು ಎದುರುನೋಡುತ್ತಿದೆ. ಆಗ ಸೂತ್ರ ಬಿಡಿ, ಷೇರು ಒಪ್ಪಿಸುವ ಅರ್ಜಿಯನ್ನು ಕೊನೆಯ ದಿನಾಂಕದ ಹತ್ತಿರದವರೆಗೂ ಕೊಡಬೇಡಿ. ಒಪ್ಪಿಸಿದ ಷೇರನ್ನು ಮೇಲಿನ ಬೆಲೆ ಬಂದರೆ ಹಿಂಪಡೆಯಬಹುದೇ ಎಂಬುದನ್ನು ಬಿಡ್ ದಾಖಲೆಯಲ್ಲೇ ಓದಿಕೊಂಡು ಸಹಿ ಹಾಕಿ.