ಬಗ್ಗದ ಚರ್ಮರೋಗ: ಮುಲಾಮು ಬದಲಿಸುವ ಮೊದಲು ಮಾಡಬೇಕಾದದ್ದು

ಮೂರು ನಾಲ್ಕು ಬಗೆಯ ಮುಲಾಮು ಹಚ್ಚಿ, ಎರಡು ಮೂರು ಕಡೆ ತೋರಿಸಿ, ತಿಂಗಳುಗಟ್ಟಲೆ ಕಳೆದರೂ ವಾಸಿಯಾಗದ ಚರ್ಮರೋಗವನ್ನು ಹೊತ್ತು ಒಬ್ಬರು ಎದುರಿಗೆ ಕುಳಿತಾಗ, ವೈದ್ಯರ ಕೈ ತಾನಾಗಿಯೇ ಇನ್ನೊಂದು ಪ್ರಬಲ ಮುಲಾಮಿನ ಹೆಸರು ಬರೆಯಲು ಹೊರಡುತ್ತದೆ. ಆ ಕೈಯನ್ನು ಅಲ್ಲಿಯೇ ತಡೆಯಬೇಕು. ಬಗ್ಗದ ರೋಗವೆಂದು ಬರುವವುಗಳಲ್ಲಿ ನಿಜಕ್ಕೂ ಅಪರೂಪದವು ಕೆಲವೇ. ಹೆಚ್ಚಿನವು ತಪ್ಪಾಗಿ ಗುರುತಿಸಲ್ಪಟ್ಟ ಸಾಮಾನ್ಯ ರೋಗಗಳು, ಇಲ್ಲವೇ ಹಚ್ಚಿದ ಔಷಧದಿಂದಲೇ ರೂಪಗೆಟ್ಟ ರೋಗಗಳು. ಆದ್ದರಿಂದ ಔಷಧವನ್ನು ಬದಲಿಸುವ ಮೊದಲು ನಿರ್ಣಯವನ್ನೇ ಸಂಶಯಿಸಿ, ಮೊದಲಿನಿಂದ ಆರಂಭಿಸಬೇಕು. ಈ ಬರಹವನ್ನು ಸಾಮಾನ್ಯ ವೈದ್ಯರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ರೋಗಿಗಳೂ ಓದಿದರೆ ತಮ್ಮನ್ನು ಏನು ಕೇಳಬೇಕಿತ್ತು, ಏನು ಪರೀಕ್ಷಿಸಬೇಕಿತ್ತು ಎಂಬುದು ಅವರಿಗೂ ತಿಳಿಯುತ್ತದೆ.

ಕೇಳುವುದು ಮತ್ತು ನೋಡುವುದು

ಮೊದಲ ಗುಳ್ಳೆಯೋ ಕಲೆಯೋ ಎಲ್ಲಿ ಕಾಣಿಸಿತು, ಆಗ ಅದು ಹೇಗಿತ್ತು, ಯಾವ ದಿಕ್ಕಿಗೆ ಹರಡಿತು ಎಂಬುದನ್ನು ರೋಗಿಯ ಮಾತಿನಲ್ಲಿಯೇ ಕೇಳಿಸಿಕೊಳ್ಳಿ. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆಯಿದೆಯೇ, ರಾತ್ರಿ ನಿದ್ದೆ ಕೆಡುವಷ್ಟು ಹೆಚ್ಚುತ್ತದೆಯೇ ಎಂದು ವಿಚಾರಿಸಿ. ಕಳೆದ ಎರಡು ತಿಂಗಳಲ್ಲಿ ಹೊಸದಾಗಿ ಆರಂಭಿಸಿದ ಪ್ರತಿಯೊಂದು ಮಾತ್ರೆಯ ಹೆಸರನ್ನು, ಆರಂಭಿಸಿದ ದಿನಾಂಕದೊಂದಿಗೆ ಬರೆದುಕೊಳ್ಳಿ. ಏನು ಹಚ್ಚಿದಿರಿ ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು. ಖಾಲಿ ಟ್ಯೂಬುಗಳನ್ನೂ ಮಾತ್ರೆಯ ಪಟ್ಟಿಗಳನ್ನೂ ತರಲು ಹೇಳಿ. ಹುಳುಕಡ್ಡಿಯ ಮುಲಾಮು ಎಂದು ರೋಗಿ ನಂಬಿರುವ ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸಾಲ್ ಎಂದೋ ಬೀಟಾಮೆಥಾಸೋನ್ ಎಂದೋ ಸ್ಟಿರಾಯ್ಡಿನ ಹೆಸರಿರುವುದು ಎಷ್ಟೋ ಸಲ ಅಲ್ಲಿಯೇ ಗೊತ್ತಾಗುತ್ತದೆ.

ಅನಂತರ ರೋಗಿ ತೋರಿಸಿದ ಜಾಗವನ್ನಷ್ಟೇ ನೋಡದೆ, ಒಳ್ಳೆಯ ಹಗಲು ಬೆಳಕಿನಲ್ಲಿ, ಮರೆಯನ್ನೂ ಮರ್ಯಾದೆಯನ್ನೂ ಕಾಯ್ದುಕೊಂಡು, ನೆತ್ತಿಯಿಂದ ಅಂಗಾಲಿನವರೆಗೆ ಇಡೀ ಚರ್ಮವನ್ನು, ಬಾಯಿಯ ಒಳಭಾಗ ಮತ್ತು ಉಗುರುಗಳ ಸಹಿತ ನೋಡಬೇಕು. ಕೈಯ ಮೇಲಿನ ಹಟಮಾರಿ ಇಸುಬು ಎನಿಸಿದ್ದಕ್ಕೆ ನೆತ್ತಿಯ ದಪ್ಪ ಹೊಟ್ಟು ಮತ್ತು ಉಗುರುಗಳ ಮೇಲಿನ ಸೂಜಿಮೊನೆಯಂಥ ಕುಳಿಗಳು ಸೋರಿಯಾಸಿಸ್ ಎಂಬ ಹೆಸರನ್ನು ಕೊಡುತ್ತವೆ. ಕಪ್ಪು ಮೈಬಣ್ಣದಲ್ಲಿ ಉರಿಯೂತ ಕೆಂಪಾಗಿ ಕಾಣದೆ ಕಂದು, ಬೂದು ಅಥವಾ ನೇರಳೆಯಾಗಿ ಕಾಣುತ್ತದೆ. ಕೆಂಪು ಬಣ್ಣವನ್ನೇ ಹುಡುಕುವ ಕಣ್ಣಿಗೆ ರೋಗದ ತೀವ್ರತೆ ತಿಳಿಯುವುದಿಲ್ಲ. ಅದಕ್ಕಾಗಿ ಬೆರಳಿನಿಂದ ಸವರಿ ಉಬ್ಬು, ಬಿಸಿ ಮತ್ತು ಗಡಸುತನವನ್ನು ಅರಿಯಬೇಕು. ಕೆಂಪು ಕಲೆಯ ಮೇಲೆ ಗಾಜಿನ ಸ್ಲೈಡನ್ನು ಒತ್ತಿದಾಗ ಬಣ್ಣ ಮಾಯವಾಗದಿದ್ದರೆ ಅದು ರಕ್ತನಾಳದಿಂದ ಹೊರಗೆ ಸೋರಿದ ರಕ್ತ. ಆಗ ರಕ್ತನಾಳಗಳ ಉರಿಯೂತವನ್ನೂ ರಕ್ತದ ರೋಗಗಳನ್ನೂ ಯೋಚಿಸಬೇಕಾಗುತ್ತದೆ.

ಮರೆವೇಷದ ಹುಳುಕಡ್ಡಿ

ಹುಳುಕಡ್ಡಿಯ ಮೇಲೆ ಸ್ಟಿರಾಯ್ಡ್ ಬಿದ್ದರೆ ಏನಾಗುತ್ತದೆ ಎಂಬುದನ್ನು ವಿವರವಾಗಿಯೇ ಹೇಳಬೇಕು. ಹುಳುಕಡ್ಡಿ ಶಿಲೀಂಧ್ರದ, ಅಂದರೆ ಫಂಗಸ್ಸಿನ ಸೋಂಕು; ಕೆಂಪು, ಊತ, ತುರಿಕೆ ಇವೆಲ್ಲ ಆ ಶಿಲೀಂಧ್ರಕ್ಕೆ ದೇಹ ಒಡ್ಡುವ ಪ್ರತಿರೋಧದ ಗುರುತುಗಳು. ಸ್ಟಿರಾಯ್ಡ್ ಆ ಪ್ರತಿರೋಧವನ್ನು ಅಡಗಿಸುವುದರಿಂದ ಕೆಲವೇ ದಿನಗಳಲ್ಲಿ ತುರಿಕೆ ಇಳಿಯುತ್ತದೆ, ಶಿಲೀಂಧ್ರ ಮಾತ್ರ ತಡೆಯಿಲ್ಲದೆ ಬೆಳೆಯುತ್ತದೆ. ಹಚ್ಚುವುದನ್ನು ನಿಲ್ಲಿಸಿದೊಡನೆ ತುರಿಕೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ರೋಗಿ ಅದೇ ಟ್ಯೂಬನ್ನು ಮತ್ತೆ ಕೊಳ್ಳುತ್ತಾರೆ. ಹೀಗೆ ತಿಂಗಳುಗಳು ಕಳೆದ ಮೇಲೆ ಉಂಗುರದಂಥ ಸ್ಪಷ್ಟ ಅಂಚು ಅಳಿಸಿಹೋಗಿ, ಉಂಗುರದೊಳಗೆ ಇನ್ನೊಂದು ಉಂಗುರ ಮೂಡಿ, ತೊಡೆಸಂದಿಯ ಚರ್ಮ ತೆಳುವಾಗಿ ಬಿರಿದು ಬರೆಗಳೇಳುತ್ತವೆ.

ಇದನ್ನು ಖಚಿತಪಡಿಸಿಕೊಳ್ಳಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮುಲಾಮಿನ ಜಿಡ್ಡು ಹೋಗುವಂತೆ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ಕಲೆಯ ನಡುವಿನಿಂದಲ್ಲ, ಹರಡುತ್ತಿರುವ ಅಂಚಿನಿಂದ, ಬ್ಲೇಡನ್ನು ಚರ್ಮಕ್ಕೆ ನೆಟ್ಟಗೆ ಹಿಡಿದು ರಕ್ತ ಬಾರದ ಹಾಗೆ ಮೆಲ್ಲಗೆ ಕೆರೆದರೆ ಬಿಳಿಯ ಹೊಟ್ಟು ಸ್ಲೈಡಿನ ಮೇಲೆ ಉದುರುತ್ತದೆ. ಅದರ ಮೇಲೆ ಶೇ. 10ರಿಂದ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿ, ಕವರ್‌ಸ್ಲಿಪ್ ಮುಚ್ಚಿ, 10ರಿಂದ 15 ನಿಮಿಷ ಕಾಯಿರಿ; ಉಗುರಿನ ತುಣುಕಾದರೆ ಇನ್ನೂ ಹೆಚ್ಚು ಹೊತ್ತು ಬೇಕು. ಸೂಕ್ಷ್ಮದರ್ಶಕದ ಬೆಳಕನ್ನು ತಗ್ಗಿಸಿ ನೋಡುವುದೇ ಇಲ್ಲಿಯ ಗುಟ್ಟು. ಬೆಳಕು ಹೆಚ್ಚಾದರೆ ಏನೂ ಕಾಣುವುದಿಲ್ಲ. ತಗ್ಗಿಸಿದಾಗ, ಚರ್ಮದ ಜೀವಕೋಶಗಳ ಗಡಿಗಳನ್ನು ಲೆಕ್ಕಿಸದೆ ಅವುಗಳ ಮೇಲೆ ಹಾದುಹೋಗುವ, ಕವಲೊಡೆದ, ನಡುನಡುವೆ ಅಡ್ಡಗೋಡೆಗಳಿರುವ ಸಮ ಅಗಲದ ಎಳೆಗಳು ಮೂಡಿ ಬರುತ್ತವೆ. ಅವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಚಿಕಿತ್ಸೆಯ ಮೊದಲ ಹೆಜ್ಜೆ ಸ್ಟಿರಾಯ್ಡನ್ನು ನಿಲ್ಲಿಸುವುದು. ನಿಲ್ಲಿಸಿದಾಗ ಕೆಲವು ದಿನ ತುರಿಕೆ ಕೆರಳುತ್ತದೆಂದು ಮೊದಲೇ ಹೇಳದಿದ್ದರೆ ರೋಗಿ ಹಳೆಯ ಟ್ಯೂಬಿಗೇ ಮರಳುತ್ತಾರೆ. ಈ ಹಂತದಲ್ಲಿ ಹಚ್ಚುವ ಔಷಧವೊಂದೇ ಸಾಲದು. ಶಿಲೀಂಧ್ರವನ್ನು ಅಡಗಿಸುವ ಟರ್ಬಿನಾಫಿನ್ ಅಥವಾ ಇಟ್ರಾಕೊನಜೋಲ್ ಮಾತ್ರೆಗಳು ಬೇಕಾಗುತ್ತವೆ. ಯಕೃತ್ತಿನ ತೊಂದರೆಯಿದೆಯೇ ಎಂದು ಮೊದಲು ತಿಳಿಯಬೇಕು, ಹೃದಯ ವೈಫಲ್ಯವಿರುವವರಿಗೆ ಇಟ್ರಾಕೊನಜೋಲ್ ಕೊಡಬಾರದು. 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಸಲಾದ ಶಿಲೀಂಧ್ರದ ಅನೇಕ ತಳಿಗಳು ಟರ್ಬಿನಾಫಿನ್‌ಗೆ ಜಗ್ಗುವುದಿಲ್ಲ. ಸರಿಯಾಗಿ ನುಂಗಿಯೂ ಗುಣ ಕಾಣದಿದ್ದರೆ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ ಔಷಧವನ್ನು ಬದಲಿಸಬೇಕು.

ಕಜ್ಜಿ, ಪಿತ್ತದ ಗಂಧೆ, ಸ್ಪರ್ಶವಿಲ್ಲದ ಮಚ್ಚೆ

ಕಜ್ಜಿಯಲ್ಲಿ ಸೋಲುವುದು ಔಷಧವಲ್ಲ, ಅದನ್ನು ಬಳಸುವ ಕ್ರಮ. ಮೊದಲ ಸಲ ಸೋಂಕು ತಗುಲಿದವರಿಗೆ ತುರಿಕೆ ಆರಂಭವಾಗಲು 4ರಿಂದ 6 ವಾರ ಹಿಡಿಯುವುದರಿಂದ, ಮನೆಯಲ್ಲಿ ತುರಿಕೆಯಿಲ್ಲದವರ ಮೈಮೇಲೂ ಕಜ್ಜಿಯ ಹುಳ ಇರಬಹುದು. ಶೇ. 5ರ ಪರ್ಮೆಥ್ರಿನ್ ಕ್ರೀಮನ್ನು ಮನೆಯವರೆಲ್ಲರೂ ಒಂದೇ ರಾತ್ರಿ, ಕುತ್ತಿಗೆಯಿಂದ ಕೆಳಗೆ ಒಂದಿಂಚೂ ಬಿಡದೆ, ಬೆರಳಸಂದಿ, ಹೊಕ್ಕುಳು, ಗುಪ್ತಾಂಗ, ಉಗುರಿನ ಅಡಿಭಾಗ ಸೇರಿದಂತೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆದು, ಒಂದು ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಹುಳ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಉಳಿಯುತ್ತದೆ. ಅದನ್ನೇ ಸೋಲೆಂದು ತಿಳಿದು ದಿನವೂ ಹಚ್ಚುತ್ತ ಹೋದರೆ ಚರ್ಮ ಕೆರಳಿ ಬೇರೊಂದು ರೋಗ ಶುರುವಾಗುತ್ತದೆ.

ಪಿತ್ತದ ಗಂಧೆ ಬಗ್ಗದಿದ್ದಾಗ ಒಂದು ಪೆನ್ನು ಸಾಕು. ಒಂದು ಗಂಧೆಯ ಸುತ್ತ ಗೆರೆಯೆಳೆದು ಮರುದಿನ ಅದೇ ಹೊತ್ತಿಗೆ ನೋಡಲು ಹೇಳಿ. ಸಾಮಾನ್ಯ ಗಂಧೆ 24 ಗಂಟೆಯೊಳಗೆ ಗುರುತುಳಿಸದೆ ಹೋಗಿರುತ್ತದೆ, ಹೊಸವು ಬೇರೆಡೆ ಎದ್ದಿರುತ್ತವೆ. ಗೆರೆಯೊಳಗೇ ಉಳಿದು, ತುರಿಕೆಗಿಂತ ನೋವು ಹೆಚ್ಚಾಗಿ, ಕಂದು ಗುರುತು ಬಿಟ್ಟರೆ ಅದು ರಕ್ತನಾಳದ ಉರಿಯೂತವಿರಬಹುದು, ಬಯಾಪ್ಸಿ, ಅಂದರೆ ಚರ್ಮದ ಸಣ್ಣ ತುಣುಕನ್ನು ತೆಗೆದು ಮಾಡುವ ಪರೀಕ್ಷೆ ಬೇಕು.

ತುರಿಸದ, ಬಣ್ಣ ಮಂಕಾದ, ಯಾವ ಮುಲಾಮಿಗೂ ಬದಲಾಗದ ಮಚ್ಚೆಯನ್ನು ಕಂಡರೆ ಹತ್ತಿಯ ಎಳೆಯಿಂದ ಮುಟ್ಟಿ ನೋಡದೆ ರೋಗಿಯನ್ನು ಕಳುಹಿಸಬೇಡಿ. ಸ್ಪರ್ಶ ತಿಳಿಯದಿದ್ದರೆ, ಮೊಣಕೈಯ ಹಿಂಬದಿಯಲ್ಲಿ ನರ ದಪ್ಪವಾಗಿ ಸಿಕ್ಕರೆ, ಅದು ಕುಷ್ಠ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಔಷಧಗಳ ಕೂಟದಿಂದ 6 ಅಥವಾ 12 ತಿಂಗಳಲ್ಲಿ ಪೂರ್ತಿ ಗುಣವಾಗುವ ರೋಗವಿದು. ತಡವಾದರೆ ನಷ್ಟವಾಗುವುದು ಕೈಕಾಲಿನ ಶಕ್ತಿ. ಅದು ಔಷಧದಿಂದ ಮರಳುವುದಿಲ್ಲ.

ಬಯಾಪ್ಸಿ ಎಲ್ಲಿಂದ, ಯಾವಾಗ

ಬಯಾಪ್ಸಿಯ ವರದಿ ಅಸ್ಪಷ್ಟವಾಗಿ ಬಂದಾಗ ತಪ್ಪು ಬಹುಪಾಲು ತುಣುಕು ತೆಗೆದ ಜಾಗದಲ್ಲಿರುತ್ತದೆ. ಕೆರೆದು ಗಾಯವಾದ ಹಳೆಯ ಕಲೆಯನ್ನು ಬಿಟ್ಟು, ಚೆನ್ನಾಗಿ ರೂಪುಗೊಂಡ ಹೊಸ ಕಲೆಯನ್ನು ಆರಿಸಿ. ಹುಣ್ಣಾದರೆ ಅಂಚಿನಿಂದ ಆಳವಾಗಿ ತೆಗೆಯಬೇಕು. ನೀರುಗುಳ್ಳೆಗಳ ರೋಗದಲ್ಲಿ ಎರಡು ತುಣುಕು ಬೇಕು: ಹೊಸ ಗುಳ್ಳೆಯದೊಂದು ಫಾರ್ಮಲಿನ್‌ನಲ್ಲಿ, ಗುಳ್ಳೆಯ ಪಕ್ಕದ ಚರ್ಮದ್ದೊಂದು, ಚರ್ಮಕ್ಕೆ ಅಂಟಿದ ಪ್ರತಿಕಾಯಗಳನ್ನು ಹೊಳೆಯಿಸಿ ತೋರಿಸುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗಾಗಿ ಮಿಶೆಲ್ ದ್ರಾವಣದಲ್ಲಿ. ಎರಡನೆಯದನ್ನೂ ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆಯೇ ಹಾಳು. ಬಾಯಿಯಲ್ಲಿ ತಿಂಗಳುಗಟ್ಟಲೆ ಆರದ ಹುಣ್ಣು, ಆಮೇಲೆ ಮೈಮೇಲೆ ಮುಟ್ಟಿದರೆ ಒಡೆಯುವ ಸಡಿಲ ಗುಳ್ಳೆಗಳು ಎಂದರೆ ಪೆಂಫಿಗಸ್; ತುರಿಕೆಯೊಂದಿಗೆ ವೃದ್ಧರಲ್ಲಿ ಏಳುವ ಬಿಗಿ ಗುಳ್ಳೆಗಳು ಪೆಂಫಿಗಾಯ್ಡ್. ಎರಡಕ್ಕೂ ಚಿಕಿತ್ಸೆಯ ಹಾದಿ ಬೇರೆ.

ವರ್ಷಗಟ್ಟಲೆ ಇಸುಬೆಂದು ಚಿಕಿತ್ಸೆ ಪಡೆದ, ಸೊಂಟ ಪೃಷ್ಠಗಳಂಥ ಬಿಸಿಲು ಕಾಣದ ಭಾಗದ ಕಲೆಗಳು ಮೈಕೋಸಿಸ್ ಫಂಗಾಯ್ಡಿಸ್ ಇರಬಹುದು. ಹೆಸರಿನಲ್ಲಿ ಫಂಗಸ್ಸಿನ ನೆನಪಿದ್ದರೂ ಇದು ಚರ್ಮದ ಲಿಂಫೋಮ, ಅಂದರೆ ಕ್ಯಾನ್ಸರಿನ ಒಂದು ಬಗೆ. ಮೊದಲ ಬಯಾಪ್ಸಿಯಲ್ಲಿ ಇದು ಸಿಗದಿರುವುದು ಸಾಮಾನ್ಯ. ಕೆಲವು ವಾರ ಸ್ಟಿರಾಯ್ಡ್ ನಿಲ್ಲಿಸಿ, ಬೇರೆ ಬೇರೆ ಜಾಗಗಳಿಂದ ಮತ್ತೆ ತೆಗೆಯಲು ಹಿಂಜರಿಯಬಾರದು.

ಚಿಕಿತ್ಸೆಯಲ್ಲಿ ಆಗುವ ಹಾನಿ

ನಿರ್ಣಯ ಸರಿಯಾಗಿದ್ದೂ ಗುಣ ಕಾಣದಿದ್ದರೆ ಅಳತೆಯನ್ನು ವಿಚಾರಿಸಿ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ; ವಯಸ್ಕರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು, ಅದಕ್ಕಿಂತ ಬಹಳ ಕಡಿಮೆ ಹಚ್ಚಿದರೆ ಫಲವಿಲ್ಲ. ಸೋರಿಯಾಸಿಸ್‌ಗೆ ಸ್ಟಿರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಕೊಡುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ: ನಿಲ್ಲಿಸಿದಾಗ ರೋಗ ಕೀವುಗುಳ್ಳೆಗಳ ರೂಪ ತಾಳಿ ಮೈಯೆಲ್ಲ ಉರಿಯಬಹುದು. ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಔಷಧ. ತಪ್ಪಿ ದಿನವೂ ನುಂಗಿದರೆ ಮೂಳೆಮಜ್ಜೆ ಕುಸಿದು ಪ್ರಾಣಕ್ಕೇ ಅಪಾಯ. ಆದ್ದರಿಂದ ಚೀಟಿಯಲ್ಲಿ ವಾರದ ಹೆಸರನ್ನೇ ಬರೆದು, ರೋಗಿಯಿಂದ ಬಾಯಿಬಿಟ್ಟು ಹೇಳಿಸಬೇಕು. ಬೇಗಬೇಗ ಹರಡುವ, ನೇರಳೆ ಅಂಚಿನ, ವಿಪರೀತ ನೋವಿನ ಹುಣ್ಣು ಪಯೋಡರ್ಮಾ ಗ್ಯಾಂಗ್ರಿನೋಸಮ್ ಆಗಿದ್ದರೆ, ಕೊಳೆತ ಭಾಗವೆಂದು ಕತ್ತರಿಸಿದಷ್ಟೂ ಅದು ಹಿಗ್ಗುತ್ತದೆ. ಮೊದಲು ಉರಿಯೂತವನ್ನು ತಗ್ಗಿಸಬೇಕು.

ಕಾಯಬಾರದ ಸಂದರ್ಭಗಳೂ ಇವೆ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪೀನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಮ್ಲವನ್ನು ತಗ್ಗಿಸುವ ಅಲೋಪ್ಯೂರಿನಾಲ್ ಅಥವಾ ಸಲ್ಫಾ ಔಷಧ ಆರಂಭಿಸಿದ ಮೊದಲ ವಾರಗಳಲ್ಲಿ ಜ್ವರ, ಚರ್ಮ ಮುಟ್ಟಿದರೆ ನೋವು, ಕಣ್ಣು ಬಾಯಿಗಳಲ್ಲಿ ಹುಣ್ಣು ಬಂದರೆ, ಗುಳ್ಳೆಗಳು ಏಳುವುದನ್ನು ಕಾಯದೆ ಔಷಧವನ್ನು ಆ ಕ್ಷಣವೇ ನಿಲ್ಲಿಸಿ, ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಕಳುಹಿಸಬೇಕು. ಮುಖ ಊದಿ, ಗ್ರಂಥಿಗಳು ದಪ್ಪವಾಗಿ, ಮೈಯೆಲ್ಲ ದದ್ದೆದ್ದಿದ್ದರೂ ಹಾಗೆಯೇ. ಅಲ್ಲಿ ಯಕೃತ್ತಿಗೂ ಪೆಟ್ಟು ಬಿದ್ದಿರಬಹುದು. ಕಳುಹಿಸುವಾಗ ಚೀಟಿಯ ಮೊದಲ ಸಾಲಿನಲ್ಲಿಯೇ ಸಂಶಯಿತ ಔಷಧದ ಹೆಸರು, ಅದನ್ನು ಆರಂಭಿಸಿದ ದಿನ ಮತ್ತು ನಿಲ್ಲಿಸಿದ ಗಂಟೆಯನ್ನು ಬರೆದು, ಅದೇ ಹೆಸರಿನ ಇನ್ನೊಂದು ಪ್ರತಿಯನ್ನು ರೋಗಿಯ ಮನೆಯವರ ಕೈಗೂ ಕೊಡಿ.